ಬುಸ್ಕಲನ್ನಿನ ಹಚ್ಚೆಯಜ್ಜಿ

(ಜಾನಪದ ಆಸಕ್ತರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಿಮ್ಮಲ್ಲಿ ಐವತ್ತು ದಾಟಿದವರು ಒಮ್ಮೆ ನಿಮ್ಮ ಅಜ್ಜಿಯ ಮುಂಗೈಯನ್ನು ನೆನಪಿಸಿಕೊಳ್ಳಿ. ನನ್ನ ಅಜ್ಜಿಯ ಎಡಗೈ ಮೇಲೆ ಒಂದು ತುಳಸಿಕಟ್ಟೆ, ಅದರ ಪಕ್ಕದಲ್ಲಿ ಒಂದು ಚೇಳು, ಗಲ್ಲದ ಮೇಲೆ ಒಂದು ಚುಕ್ಕೆ ಇದ್ದವು. ಯಾರು ಹಾಕಿದ್ದು ಎಂದು ಕೇಳಿದರೆ, "ಕೊರವಂಜಿ ಕಣೋ. ಸುಗ್ಗಿ ಮುಗಿದ ಮೇಲೆ ಬರೋಳು. ಎರಡು ಸೇರು ರಾಗಿ, ಒಂದು ಹಳೇ ಸೀರೆ ಕೊಟ್ಟಿದ್ವಿ" ಎನ್ನುತ್ತಿದ್ದಳು. ಅವಳ ಹೆಸರೇನಜ್ಜಿ ಎಂದರೆ, "ಹೆಸರು ಯಾರು ಕೇಳಿದ್ರು? ಕೊರವಂಜಿ, ಅಷ್ಟೇ" ಎಂಬ ಉತ್ತರ. ಮತ್ತೆ ನಗುತ್ತ ಹೇಳುತ್ತಿದ್ದ ಮಾತು ಇನ್ನೊಂದು: "ಓಲೆ, ಮೂಗುತಿ, ಬಳೆ ಎಲ್ಲಾ ಬಿಚ್ಕೊಂಡೇ ನನ್ನ ಕಳಿಸ್ತೀರಿ. ಇದೊಂದನ್ನ ಮಾತ್ರ ಬಿಚ್ಕೊಳ್ಳೋಕಾಗಲ್ಲ ನಿಮಗೆ."

ಸತ್ತ ಮೇಲೆ ಜೊತೆಯಲ್ಲಿ ಬರುವುದು ಹಚ್ಚೆ ಮಾತ್ರ ಎಂಬ ಈ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಎಷ್ಟು ವ್ಯಾಪಕವಾಗಿತ್ತೆಂಬುದು ನಿಮಗೆ ಗೊತ್ತು. ಇದೇ ಮಾತನ್ನು ಸಮುದ್ರದಾಚೆಯ ಒಂದು ಬೆಟ್ಟದೂರಿನ ಮುದುಕಿಯೂ ಹೇಳುತ್ತಾಳೆಂದು ಓದಿದಾಗ ನನಗೆ ಆಕೆಯ ಬಗ್ಗೆ ಕುತೂಹಲ ಹುಟ್ಟಿತು. ಮಣಿ, ಬಂಗಾರ ಕಳೆದುಹೋಗಬಹುದು, ಮೈಮೇಲಿನ ಗೆರೆ ಹೋಗುವುದಿಲ್ಲ ಎಂಬುದು ಆಕೆಯ ಜನರ ನಂಬಿಕೆ. ನಮ್ಮ ಕೊರವಂಜಿಯ ಕಸುಬೇ ಆಕೆಯ ಕಸುಬು. ವ್ಯತ್ಯಾಸ ಒಂದೇ: ಆಕೆಯ ಹೆಸರನ್ನು ಇಂದು ಜಗತ್ತು ಬಲ್ಲದು.

ಫಿಲಿಪೀನ್ಸ್ ದೇಶದ ಲುಝಾನ್ ದ್ವೀಪದ ಉತ್ತರಭಾಗದಲ್ಲಿ ಕಾರ್ಡಿಲೆರಾ ಎಂಬ ಪರ್ವತಸಾಲು ಇದೆ. ಅಲ್ಲಿನ ಒಂದು ಪ್ರಾಂತ್ಯದ ಹೆಸರು ಕಲಿಂಗ. ನಮ್ಮ ಅಶೋಕನ ಕಳಿಂಗಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ನೆರೆಯ ಜನರ ನುಡಿಯಲ್ಲಿ ತಲೆ ಕಡಿಯುವವರು ಎಂಬ ಅರ್ಥದ ಮಾತಿನಿಂದ ಈ ಹೆಸರು ಬಂತೆಂದು ಹೇಳುತ್ತಾರೆ. ಈ ಪ್ರಾಂತ್ಯದ ಟಿಂಗ್ಲಾಯನ್ ಎಂಬಲ್ಲಿ, ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಭತ್ತದ ಗದ್ದೆಗಳ ನಡುವೆ ಬುಸ್ಕಲನ್ ಎಂಬ ಪುಟ್ಟ ಹಳ್ಳಿ. ಅಲ್ಲಿರುವವರು ಕಲಿಂಗರಲ್ಲೇ ಬುಟ್‌ಬುಟ್ ಎಂಬ ಪಂಗಡದವರು. ನಮ್ಮ ಕಥಾನಾಯಕಿ ಆ ಊರಿನವಳು. ಹೆಸರು ವಾಂಗ್-ಒಡ್, ಅವರ ಜನರ ಬಾಯಲ್ಲಿ ಅದು ಫಾಂಗ್-ಒಡ್ ಎಂದು ಕೇಳಿಸುತ್ತದೆ. ಕಾಗದಪತ್ರಗಳಲ್ಲಿ ಮರಿಯಾ ಒಗ್ಗಾಯ್ ಎಂಬ ಇನ್ನೊಂದು ಹೆಸರೂ ಉಂಟು. ಊರವರು ಗೌರವದಿಂದ ಅಪೋ, ಅಂದರೆ ಹಿರಿಯಜ್ಜಿ, ಎನ್ನುತ್ತಾರೆ. ದಾಖಲೆಯಲ್ಲಿರುವ ಜನ್ಮದಿನ 1917ರ ಫೆಬ್ರವರಿ 17.

ಇಳಿಹೊತ್ತಿನ ವಿದ್ಯೆ

ಆಕೆ ಹುಟ್ಟಿದ ಕಾಲ ಎಂಥದು ಎಂಬುದನ್ನು ತಿಳಿಯದೆ ಆಕೆಯ ಬದುಕು ಅರ್ಥವಾಗುವುದಿಲ್ಲ. 1521ರಲ್ಲಿ ಮೆಗಲನ್ನನ ಹಡಗುಗಳು ಫಿಲಿಪೀನ್ಸ್ ಮುಟ್ಟಿದಾಗ ದ್ವೀಪವಾಸಿಗಳ ಮೈತುಂಬ ಚಿತ್ರಗಳಿರುವುದನ್ನು ಕಂಡು ಐರೋಪ್ಯರು ಬೆರಗಾದರು. ಮುಂದೆ 1565ರಿಂದ ಆಳ್ವಿಕೆ ಸ್ಥಾಪಿಸಿದ ಸ್ಪೇನಿನವರು ವಿಸಾಯಾ ದ್ವೀಪಗಳ ಜನರನ್ನು ಪಿಂತಾದೋಸ್, ಅಂದರೆ ಚಿತ್ರ ಬರೆಸಿಕೊಂಡವರು, ಎಂದೇ ಕರೆದರು. ಹೊಸ ಧರ್ಮ, ಹೊಸ ಉಡುಪು ಬಂದಂತೆ ಆ ದ್ವೀಪಗಳಲ್ಲಿ ಹಚ್ಚೆ ಕೆಲವೇ ತಲೆಮಾರುಗಳಲ್ಲಿ ಅಳಿಸಿಹೋಯಿತು. ಆದರೆ ಕಾರ್ಡಿಲೆರಾದ ಕಡಿದಾದ ಬೆಟ್ಟಗಳನ್ನು ಮುನ್ನೂರು ವರ್ಷ ಪ್ರಯತ್ನಿಸಿದರೂ ಸ್ಪೇನಿನವರಿಂದ ಪೂರ್ತಿ ಹಿಡಿತಕ್ಕೆ ತಂದುಕೊಳ್ಳಲಾಗಲಿಲ್ಲ. ಬೆಟ್ಟ ಉಳಿಯಿತು, ಬೆಟ್ಟದವರ ಹಚ್ಚೆಯೂ ಉಳಿಯಿತು.

1898ರಲ್ಲಿ ಸ್ಪೇನಿನವರು ಹೋಗಿ ಅಮೆರಿಕನ್ನರು ಬಂದರು. ಇವರು ರಸ್ತೆ ಮಾಡಿದರು, ಶಾಲೆ ತೆರೆದರು, ಊರೂರುಗಳ ನಡುವಿನ ತಲೆಬೇಟೆಯನ್ನು ನಿಷೇಧಿಸಿದರು. ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡಬಾರದು. ಕಲಿಂಗರಲ್ಲಿ ಗಂಡಸಿನ ಎದೆಯ ಮೇಲಿನ ಹಚ್ಚೆ ಸುಮ್ಮನೆ ಸಿಗುತ್ತಿರಲಿಲ್ಲ. ಕಾದಾಟದಲ್ಲಿ ಶತ್ರುವನ್ನು ಕೊಂದು ಬಂದವನಿಗೆ ಮಾತ್ರ ಅದು ಸಲ್ಲುತ್ತಿತ್ತು. ಈಗಿನ ಸೈನ್ಯದ ಪದಕವಿದ್ದಂತೆ ಎನ್ನಿ. ಆದರೆ ಪದಕವನ್ನು ಪೆಟ್ಟಿಗೆಯಲ್ಲಿಡಬಹುದು, ಇದನ್ನು ಇಡಲಾಗದು. ಕೊಲೆ ನಿಂತದ್ದು ಒಳ್ಳೆಯದೇ ಆಯಿತು. ಆದರೆ ಕೊಲೆಯೊಂದಿಗೆ ಹೆಣೆದುಕೊಂಡಿದ್ದ ಕಲೆಯ ಬುಡವೂ ಅದರೊಂದಿಗೆ ಅಲುಗಿತು.

ವಾಂಗ್-ಒಡ್ ಹುಟ್ಟಿದ್ದು ಈ ಹೊತ್ತಿನಲ್ಲಿ. ಆಕೆಯ ತಂದೆ ಆ ಸೀಮೆಯಲ್ಲಿ ಹೆಸರಾದ ಹಚ್ಚೆಗಾರ. ಆ ಕಸುಬಿನಲ್ಲಿ ಹೆಚ್ಚಾಗಿ ಗಂಡಸರೇ ಇದ್ದರು. ತಂದೆ ಮಗಳ ಕೈಯಲ್ಲಿ ಚಳಕವಿರುವುದನ್ನು ಕಂಡು ಆಕೆಗೇ ವಿದ್ಯೆ ಹೇಳಿಕೊಟ್ಟ. ಹದಿನೈದರ ಹೊತ್ತಿಗೆ ಆಕೆ ಹಚ್ಚೆ ಹಾಕತೊಡಗಿದಳು. ಹಚ್ಚೆಗೆ ಅವರ ನುಡಿಯಲ್ಲಿ ಬಾತೊಕ್, ಹಾಕುವವರಿಗೆ ಮಂಬಬಾತೊಕ್ ಎಂದು ಹೆಸರು. ದೂರದ ಊರುಗಳವರು ಕರೆಸಿಕೊಳ್ಳುತ್ತಿದ್ದರು. ನಡೆದುಹೋಗಿ, ಅಲ್ಲೇ ತಂಗಿ, ಕೆಲಸ ಮುಗಿಸಿ ಬರಬೇಕು. ಸಂಭಾವನೆ ಹಂದಿಮರಿ, ಭತ್ತ, ಮಣಿ ಇಂಥವು. ನಮ್ಮ ಎರಡು ಸೇರು ರಾಗಿಯ ಲೆಕ್ಕ ನೆನಪಾಗುವುದಿಲ್ಲವೆ?

ಯೋಧರ ಹಚ್ಚೆ ಕಡಿಮೆಯಾಗುತ್ತ ಬಂದರೂ, ಎರಡನೆಯ ಮಹಾಯುದ್ಧದಲ್ಲಿ ಜಪಾನೀ ಸೈನಿಕರೊಡನೆ ಕಾದಿದ ಕಲಿಂಗರು ಮತ್ತೊಮ್ಮೆ ಎದೆಗೆ ಹಚ್ಚೆ ಪಡೆದರು. ಅದು ಬಹುಮಟ್ಟಿಗೆ ಕೊನೆಯ ಸರದಿ. ಆಮೇಲೆ ಕಲೆಯನ್ನು ಹಿಡಿದುಕೊಂಡಿದ್ದವರು ಹೆಂಗಸರು. ಹೆಣ್ಣಿನ ಹಚ್ಚೆಗೆ ಯಾರ ತಲೆಯೂ ಬೇಕಿರಲಿಲ್ಲ. ಮೈನೆರೆದ ಹುಡುಗಿಗೆ, ಮದುವೆಗೆ ಬಂದವಳಿಗೆ ತೋಳು ತುಂಬ ಗೆರೆ ಎಳೆಯುತ್ತಿದ್ದರು. ಅದು ಅಲಂಕಾರವೂ ಹೌದು, ಮಕ್ಕಳಾಗಲೆಂಬ ಹರಕೆಯೂ ಹೌದು. ಹಚ್ಚೆಯಿಲ್ಲದ ಬರಿದೋಳಿನವಳನ್ನು ಊರು ಹಾಸ್ಯ ಮಾಡುತ್ತಿತ್ತು. ವಾಂಗ್-ಒಡ್‌ಳ ಎರಡು ತೋಳುಗಳೂ ಹಾಗೆ ತುಂಬಿದವು.

ಮುಳ್ಳು, ಮಸಿ, ಕೋಲು

ಆಕೆಯ ಸಲಕರಣೆಗಳನ್ನು ಒಂದು ಅಂಗೈ ಮೇಲೆ ಇಡಬಹುದು. ಚಕೋತದಂಥ ಹುಳಿಹಣ್ಣಿನ ಮರದ ಒಂದು ಮುಳ್ಳು. ಅದನ್ನು ಅಡ್ಡಲಾಗಿ ಸಿಕ್ಕಿಸಿದ ಒಂದು ಬಿದಿರುಕಡ್ಡಿ. ಅದರ ಮೇಲೆ ಬಡಿಯಲು ಇನ್ನೊಂದು ಕೋಲು. ತೆಂಗಿನ ಕರಟದಲ್ಲಿ ನೀರು ಬೆರೆಸಿದ ಮಸಿ, ಅಡುಗೆ ಪಾತ್ರೆಯ ತಳದಲ್ಲಿ ಕಟ್ಟುವ ಅದೇ ಮಸಿ. ಮೊದಲು ಒಣಹುಲ್ಲಿನ ಎಸಳನ್ನು ಮಸಿಯಲ್ಲಿ ಅದ್ದಿ ಚರ್ಮದ ಮೇಲೆ ಗೆರೆಗಳ ಅಳತೆ ಒತ್ತಿಕೊಳ್ಳುತ್ತಾಳೆ. ಬಳಿಕ ಮುಳ್ಳನ್ನು ಗೆರೆಯ ಮೇಲೆ ಹಿಡಿದು ಕೋಲಿನಿಂದ ಟಕಟಕ ಬಡಿಯುತ್ತ ಹೋಗುತ್ತಾಳೆ. ಒಂದೇ ಲಯ, ಒಂದೇ ಬಲ. ಪೆಟ್ಟು ಹಗುರಾದರೆ ಮಸಿ ಇಳಿಯುವುದಿಲ್ಲ, ಜೋರಾದರೆ ಗಾಯ ಕೀವಾಗುತ್ತದೆ. ಈ ಹದವನ್ನು ಬರೆದು ಹೇಳಿಕೊಡಲಾಗುವುದಿಲ್ಲ. ವರ್ಷಗಟ್ಟಲೆ ಪಕ್ಕದಲ್ಲಿ ಕೂತು ನೋಡಿಯೇ ಕಲಿಯಬೇಕು. ಈಗ ಒಬ್ಬರಿಗೆ ಬಳಸಿದ ಮುಳ್ಳನ್ನು ಇನ್ನೊಬ್ಬರಿಗೆ ಬಳಸದೆ ಎಸೆಯುವ ಎಚ್ಚರವೂ ಸೇರಿಕೊಂಡಿದೆ.

ಚಿತ್ತಾರಗಳು ಸುತ್ತಲಿನ ಬದುಕಿನಿಂದಲೇ ಬಂದವು. ಲಕ್ಷ್ಮಣನ ಎಲೆಯಲ್ಲ, ಸೀತೆಯ ತೊಟ್ಟಿಲಲ್ಲ. ಅಲ್ಲಿನದು ಜರಿ, ಹೆಬ್ಬಾವಿನ ಮೈಯ ಹೆಕ್ಕಳ, ಜರೀಗಿಡದ ಎಲೆ, ಭತ್ತ, ಏಣಿ, ಬೆಟ್ಟ. ಜರಿ ಮೈಮೇಲಿದ್ದರೆ ಕಾವಲು ಎಂದು ನಂಬಿಕೆ. ನನ್ನಜ್ಜಿಯ ಕೈಮೇಲಿನ ಚೇಳಿನ ಕೆಲಸವೂ ಅದೇ ಇದ್ದೀತು.

ಇಲ್ಲಿ ನಮ್ಮ ಮಾತಿನ ಬಗ್ಗೆ ಒಂದು ಸಣ್ಣ ಟಿಪ್ಪಣಿ. ಹಳಗನ್ನಡದ ಪಕಾರ ಮುಂದೆ ಹಕಾರವಾಗುತ್ತದೆಂಬುದು ನಿಮಗೆ ತಿಳಿದದ್ದೇ. ಪಾಲು ಹಾಲಾಯಿತು, ಪಸಿರು ಹಸಿರಾಯಿತು. ಹಾಗೆಯೇ ಪಚ್ಚೆ ಹಚ್ಚೆಯಾಯಿತು. ತಮಿಳರು ಇಂದಿಗೂ ಪಚ್ಚೈ ಕುತ್ತುತ್ತಾರೆ, ತೆಲುಗರದು ಪಚ್ಚಬೊಟ್ಟು. ಹಾಕುವುದು ಕರಿಮಸಿಯನ್ನು, ಚರ್ಮದೊಳಗೆ ಇಳಿದ ಮೇಲೆ ಕಣ್ಣಿಗೆ ಕಾಣುವುದು ಹಸಿರು. ನಮ್ಮ ಹಿರಿಯರು ಹಾಕಿದ ಬಣ್ಣಕ್ಕಲ್ಲ, ಕಂಡ ಬಣ್ಣಕ್ಕೆ ಹೆಸರಿಟ್ಟರು.

ಒಂಟಿ ವರ್ಷಗಳು

ವಾಂಗ್-ಒಡ್‌ಗೆ ಇಪ್ಪತ್ತೈದರ ಸುಮಾರಿನಲ್ಲಿ ಆಕೆ ಪ್ರೀತಿಸಿದವನು ಮರ ಕಡಿಯುವಾಗ ಅಪಘಾತದಲ್ಲಿ ಸತ್ತ. ಆಕೆ ಮತ್ತೆ ಮದುವೆಯ ಮಾತೆತ್ತಲಿಲ್ಲ. ಮಕ್ಕಳಿಲ್ಲ. ಇದು ಆಕೆಯ ಸ್ವಂತ ದುಃಖ ಮಾತ್ರವಾಗಿರಲಿಲ್ಲ. ಏಕೆಂದರೆ ಈ ವಿದ್ಯೆಯನ್ನು ರಕ್ತಸಂಬಂಧಿಗಳಿಗೆ ಮಾತ್ರ ಕಲಿಸಬೇಕೆಂಬುದು ಅವರ ಕಟ್ಟಳೆ. ಹೊರಗಿನವರ ಕೈಯಿಂದ ಹಾಕಿದ ಹಚ್ಚೆ ಕೀವಾಗುತ್ತದೆ ಎಂಬ ನಂಬಿಕೆ. ಮಕ್ಕಳಿಲ್ಲದವಳ ವಿದ್ಯೆ ಯಾರಿಗೆ?

ಕಲಿಯುವವರೂ ಆಗ ಇರಲಿಲ್ಲ. ಪೇಟೆಯ ಶಾಲೆಗೆ ಹೋದ ಹುಡುಗಿಯರಿಗೆ ಹಚ್ಚೆಯೆಂದರೆ ನಾಚಿಕೆಯಾಯಿತು. ಹಚ್ಚೆಯಿದ್ದ ಹೆಂಗಸರು ಪೇಟೆಗೆ ಇಳಿಯುವಾಗ ಉದ್ದ ತೋಳಿನ ಅಂಗಿ ತೊಟ್ಟರು. ಹಿಂದೆ ಬರಿದೋಳು ಅವಮಾನವಾಗಿತ್ತು. ಈಗ ತುಂಬಿದ ತೋಳು ಅವಮಾನವಾಯಿತು. ನಮ್ಮಲ್ಲೂ ಹೀಗೇ ಆಗಲಿಲ್ಲವೆ? ನನ್ನ ತಾಯಿಯ ಕೈಯಲ್ಲಿ ಹಚ್ಚೆಯಿಲ್ಲ. "ಓದಿದ ಹುಡುಗಿಗೆ ಯಾಕೆ ಅದು" ಎಂದು ಅಜ್ಜಿಯೇ ಬೇಡವೆಂದಳಂತೆ. ವಾಂಗ್-ಒಡ್ ಗದ್ದೆ ಕೆಲಸ ಮಾಡುತ್ತ, ಹಂದಿ, ಕೋಳಿ ಸಾಕುತ್ತ, ಕೇಳಿ ಬಂದವರಿಗೆ ಹಚ್ಚೆ ಹಾಕುತ್ತ ಹತ್ತಾರು ವರ್ಷ ಕಳೆದಳು.

ಆ ವರ್ಷಗಳಲ್ಲಿ ಬುಟ್‌ಬುಟ್ ಜನರ ಮೇಲೆ ಇನ್ನೊಂದು ಗಂಡಾಂತರ ಬಂತು. 1970ರ ದಶಕದಲ್ಲಿ ಅಧ್ಯಕ್ಷ ಫರ್ಡಿನಂಡ್ ಮಾರ್ಕೋಸ್ ಸರ್ಕಾರ ಚಿಕೋ ನದಿಗೆ ನಾಲ್ಕು ಅಣೆಕಟ್ಟು ಕಟ್ಟಲು ಹೊರಟಿತು. ಕಟ್ಟಿದ್ದರೆ ಅವರ ಊರು, ಗದ್ದೆ, ಹಿರಿಯರ ಸಮಾಧಿಗಳು ನೀರುಪಾಲಾಗುತ್ತಿದ್ದವು. ಜನ ಎದುರು ನಿಂತರು. ಅವರ ಮುಖಂಡ ಮಕ್ಲಿ-ಇಂಗ್ ದುಲಾಗ್ ಅದೇ ಬುಟ್‌ಬುಟ್ ಪಂಗಡದವನು, ಪಕ್ಕದ ಬುಗ್ನಾಯ್ ಊರಿನವನು. 1980ರ ಏಪ್ರಿಲ್ 24ರಂದು ಸೈನಿಕರು ಅವನನ್ನು ಗುಂಡಿಟ್ಟು ಕೊಂದರು. ಕೊನೆಗೆ ಯೋಜನೆ ಕೈಬಿಟ್ಟಿತು. ಇಂದು ಪ್ರವಾಸಿಗಳು ನೋಡಿ ಮೆಚ್ಚುವ ಆ ಹಸಿರು ಮೆಟ್ಟಿಲುಗದ್ದೆಗಳು ಉಳಿದದ್ದರ ಹಿಂದೆ ಈ ಹೋರಾಟವಿದೆ. ನೆಲವಿಲ್ಲದೆ ಕಲೆ ಇಲ್ಲ ಎಂಬುದನ್ನು ಕಲೆಯ ಬಗ್ಗೆ ಮಾತನಾಡುವ ನಾವು ಮರೆಯುತ್ತೇವೆ.

ಕೀರ್ತಿ ಬಂದ ಬಗೆ

2007ರಲ್ಲಿ ಲಾರ್ಸ್ ಕ್ರುಟಕ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ಬುಸ್ಕಲನ್ನಿಗೆ ಬಂದರು. ಅವರ ಹಚ್ಚೆ ಹುಡುಕಾಟದ ಕಾರ್ಯಕ್ರಮ 2009ರಲ್ಲಿ ಡಿಸ್ಕವರಿ ವಾಹಿನಿಯಲ್ಲಿ ಪ್ರಸಾರವಾಯಿತು. ತೊಂಬತ್ತು ದಾಟಿದ ಮುದುಕಿಯೊಬ್ಬಳು ಮುಳ್ಳಿನಿಂದ ಹಚ್ಚೆ ಬಡಿಯುವುದನ್ನು ಜಗತ್ತು ನೋಡಿತು. ಕಲಿಂಗರ ಕಟ್ಟಕಡೆಯ ಹಚ್ಚೆಗಾರ್ತಿ ಎಂಬ ಬಿರುದೂ ಅಂಟಿಕೊಂಡಿತು. ಮನೀಲಾದಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಜೀಪು ಹತ್ತಿ, ಕಡೆಗೆ ಬೆಟ್ಟದ ದಾರಿಯಲ್ಲಿ ನಡೆದು ಜನ ಬರತೊಡಗಿದರು. ಮೊದಲು ಹತ್ತಾರು, ಆಮೇಲೆ ಸಾವಿರಾರು.

ಆದರೆ ಆಕೆ ಕಟ್ಟಕಡೆಯವಳಾಗಿ ಉಳಿಯಲು ಒಪ್ಪಲಿಲ್ಲ. ತನ್ನ ಒಡಹುಟ್ಟಿದವರ ಮೊಮ್ಮಕ್ಕಳಾದ ಗ್ರೇಸ್ ಮತ್ತು ಎಲ್ಯಾಂಗ್ ಎಂಬ ಹುಡುಗಿಯರಿಗೆ ವಿದ್ಯೆ ಕಲಿಸಿದಳು. ರಕ್ತದ ಕಟ್ಟಳೆಯೂ ಉಳಿಯಿತು, ವಿದ್ಯೆಯೂ ಉಳಿಯಿತು. ಇಂದು ಆ ಊರಿನಲ್ಲಿ ಮುಳ್ಳು ಹಿಡಿಯಬಲ್ಲ ಎಳೆಯರು ಹಲವರಿದ್ದಾರೆ. ವಯಸ್ಸಾದಂತೆ ವಾಂಗ್-ಒಡ್ ದೊಡ್ಡ ಚಿತ್ತಾರಗಳನ್ನು ಅವರಿಗೆ ಬಿಟ್ಟು, ತಾನು ಬಂದವರಿಗೆ ಮೂರು ಚುಕ್ಕೆ ಮಾತ್ರ ಹಾಕತೊಡಗಿದಳು. ಆ ಮೂರು ಚುಕ್ಕೆಗಳೇ ಆಕೆಯ ರುಜು: ಒಂದು ತಾನು, ಉಳಿದೆರಡು ಆ ಇಬ್ಬರು ಮೊಮ್ಮಕ್ಕಳು ಎಂದು ವಿವರಿಸುತ್ತಾರೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಯೋಧನ ಹಚ್ಚೆಗೆ ಅರ್ಥವಿತ್ತು. ಹಲಗೆಯ ಮೇಲೆ ಬರೆದಿಟ್ಟ ಚಿತ್ತಾರಗಳಲ್ಲಿ ಒಂದನ್ನು ಆರಿಸಿ ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಪ್ರವಾಸಿಯ ಹಚ್ಚೆಗೆ ಏನರ್ಥ? ಇದು ಸಂತೆಯ ಸರಕಾಯಿತಲ್ಲವೆ? ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಹೊರಗಿನವರಿಗೆ ಹಾಕುವ ಹಚ್ಚೆಗೆ ಪಂಗಡದ ಹಳೆಯ ಅರ್ಥ ಇಲ್ಲವೆಂಬುದು ನಿಜ. ಆದರೆ ನಾವು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಅರ್ಥ ಉಳಿಯಲೆಂದು ತಲೆ ಕಡಿಯುವುದನ್ನು ಮತ್ತೆ ಶುರುಮಾಡಲಾದೀತೆ? ಹುಟ್ಟಿದ ಕಾರಣ ಸತ್ತ ಮೇಲೂ ಒಂದು ಕಲೆ ಬದುಕಬೇಕಾದರೆ ಅದಕ್ಕೆ ಹೊಸ ಕಾರಣವೊಂದು ಬೇಕು. ನಮ್ಮ ತೊಗಲುಗೊಂಬೆಗೂ ಯಕ್ಷಗಾನಕ್ಕೂ ಇದೇ ಪ್ರಶ್ನೆ ಎದುರಾಗಿಲ್ಲವೆ? ಆ ಹೊಸ ಕಾರಣವನ್ನು ಯಾರು ನಿರ್ಧರಿಸುತ್ತಾರೆ ಎಂಬುದೇ ನಿಜವಾದ ಜಗಳ.

ಆ ಜಗಳ ಆಕೆಯ ಕಣ್ಣೆದುರಿಗೇ ನಡೆಯಿತು. 2017ರ ಅಕ್ಟೋಬರಿನಲ್ಲಿ ಮನೀಲಾದ ಒಂದು ವ್ಯಾಪಾರಮೇಳಕ್ಕೆ ಆಕೆಯನ್ನು ಕರೆತಂದರು. ನೂರು ವರ್ಷದ ಮುದುಕಿ ಎರಡು ದಿನಗಳಲ್ಲಿ ನೂರಾರು ಜನರಿಗೆ ಹಚ್ಚೆ ಹಾಕಿದಳು. ಪತ್ರಿಕಾಗೋಷ್ಠಿಯಲ್ಲಿ ಆಕೆ ತೂಕಡಿಸುತ್ತಿದ್ದಂತೆ ಕಾಣುವ ಚಿತ್ರ ಎಲ್ಲೆಡೆ ಹರಡಿ, ಇದು ಗೌರವವೋ ದುಡಿಸಿಕೊಳ್ಳುವುದೋ ಎಂದು ದೇಶ ವಾದಿಸಿತು. ಸಂಘಟಕರು ದುಡಿಸಿಕೊಂಡೆವೆಂಬ ಮಾತನ್ನು ಅಲ್ಲಗಳೆದರು. ಆಕೆಗೆ ದೇಶದ ಜೀವಂತ ಕಲಾನಿಧಿ ಎಂಬ ಪುರಸ್ಕಾರ ಸಲ್ಲಬೇಕೆಂಬ ಒತ್ತಾಯವೂ ಆಗ ಜೋರಾಯಿತು. 2018ರಲ್ಲಿ ಅಲ್ಲಿನ ಸಂಸ್ಕೃತಿ ಆಯೋಗ ದಂಗಲ್ ನಂಗ್ ಹರಾಯಾ ಎಂಬ ಇನ್ನೊಂದು ಪ್ರಶಸ್ತಿ ನೀಡಿತು.

2021ರ ಘಟನೆ ಇನ್ನೂ ಮುಖ್ಯವಾದದ್ದು. ಅಂತರ್ಜಾಲದಲ್ಲಿ ಪಾಠ ಮಾರುವ ಸಂಸ್ಥೆಯೊಂದು ಆಕೆಯ ಹೆಸರಿನಲ್ಲಿ ಹಚ್ಚೆಯ ಪಾಠಗಳನ್ನು ಪ್ರಕಟಿಸಿತು. ನಮ್ಮಜ್ಜಿ ಅಂಥ ಯಾವ ಒಪ್ಪಂದಕ್ಕೂ ಸಹಿ ಹಾಕಿಲ್ಲ ಎಂದು ಮೊಮ್ಮಗಳು ಗ್ರೇಸ್ ಬಹಿರಂಗವಾಗಿ ಬರೆದಳು. ಸಂಸ್ಥೆಯವರು ಆಕೆ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ವಿಡಿಯೊ ತೋರಿಸಿದರು. ಆದಿವಾಸಿಗಳ ರಾಷ್ಟ್ರೀಯ ಆಯೋಗ ವಿಚಾರಣೆಗೆ ಇಳಿಯಿತು, ಪಾಠಗಳನ್ನು ತೆಗೆದುಹಾಕಲಾಯಿತು.

ಹೆಬ್ಬೆಟ್ಟು! ನಮ್ಮ ಹಳ್ಳಿಗಳಲ್ಲಿ ಹೆಬ್ಬೆಟ್ಟಿನ ಕಾಗದದಿಂದ ಹೊಲ ಕಳೆದುಕೊಂಡವರ ಕಥೆ ಕೇಳಿಯೇ ನಾವೆಲ್ಲ ಬೆಳೆದಿದ್ದೇವೆ. ಇಲ್ಲಿ ಹೊಲದ ಬದಲು ವಿದ್ಯೆ. ಆದರೆ ಹೊಲಕ್ಕಿಂತ ಇಲ್ಲಿನ ಪ್ರಶ್ನೆ ತೊಡಕಿನದು. ಆಕೆ ಮನಸಾರೆ ಒಪ್ಪಿಯೇ ಹೆಬ್ಬೆಟ್ಟು ಒತ್ತಿದ್ದಳೆಂದೇ ಇಟ್ಟುಕೊಳ್ಳೋಣ. ಜರಿಯ ಚಿತ್ತಾರ ಆಕೆಯೊಬ್ಬಳ ಸ್ವತ್ತೆ? ಅದನ್ನು ತಂದೆಯಿಂದ ಪಡೆದಳು, ತಂದೆ ತನ್ನ ಹಿರಿಯರಿಂದ ಪಡೆದ; ಅದು ಇಡೀ ಬುಟ್‌ಬುಟ್ ಜನರದು. ಫಿಲಿಪೀನ್ಸಿನಲ್ಲಿ 1997ರಲ್ಲಿ ಜಾರಿಗೆ ಬಂದ ಆದಿವಾಸಿ ಹಕ್ಕುಗಳ ಕಾಯಿದೆ ಇಂಥ ಸಾಮುದಾಯಿಕ ತಿಳಿವಳಿಕೆಯನ್ನು ಬಳಸಲು ಸಮುದಾಯದ ಮುಂಚಿತವಾದ, ತಿಳಿದು ನೀಡಿದ ಒಪ್ಪಿಗೆ ಬೇಕೆನ್ನುತ್ತದೆ. ನಮ್ಮ ಕೌದಿ, ಕಸೂತಿ, ಹಾಡು, ಮದ್ದುಗಳ ಬಗ್ಗೆಯೂ ನಾವು ಈ ದಿಕ್ಕಿನಲ್ಲಿ ಯೋಚಿಸಬೇಕಾಗಿದೆ.

2023ರ ಏಪ್ರಿಲ್‌ನಲ್ಲಿ ವೋಗ್ ಪತ್ರಿಕೆಯ ಫಿಲಿಪೀನ್ಸ್ ಆವೃತ್ತಿ ಆಕೆಯ ಮುಖವನ್ನು ಮುಖಪುಟಕ್ಕೆ ಹಾಕಿತು. ಆಗ ಆಕೆಗೆ 106. ಆ ಪತ್ರಿಕೆಯ ಯಾವ ಆವೃತ್ತಿಯ ಮುಖಪುಟದಲ್ಲೂ ಅಲ್ಲಿಯವರೆಗೆ ಅಷ್ಟು ವಯಸ್ಸಾದವರು ಕಾಣಿಸಿಕೊಂಡಿರಲಿಲ್ಲ. ಹಚ್ಚೆಯ ತೋಳನ್ನು ಮುಚ್ಚಿಕೊಂಡು ಪೇಟೆಗಿಳಿದ ಹೆಂಗಸರ ಊರಿನವಳು ಅದೇ ತೋಳುಗಳೊಂದಿಗೆ ಸೌಂದರ್ಯದ ಪತ್ರಿಕೆಯ ಮುಖಪುಟದಲ್ಲಿ ಕೂತಳು. 2024ರ ಫೆಬ್ರವರಿಯಲ್ಲಿ ದೇಶದ ಅಧ್ಯಕ್ಷರು ಆಕೆಗೆ ಪದಕ ನೀಡಿದರು. ಆ ಅಧ್ಯಕ್ಷರು ಫರ್ಡಿನಂಡ್ ಮಾರ್ಕೋಸ್ ಜೂನಿಯರ್, ಚಿಕೋ ಅಣೆಕಟ್ಟು ಕಟ್ಟಹೊರಟವರ ಮಗ. ಇದಕ್ಕೆ ನಾನು ಯಾವ ವ್ಯಾಖ್ಯಾನವನ್ನೂ ಸೇರಿಸುವುದಿಲ್ಲ.

ಮಸಿ ಉಳಿಯುವ ಬಗೆ

ಮುಗಿಸುವ ಮುನ್ನ ವಿಜ್ಞಾನದ ಒಂದು ಸಂಗತಿ. ನಮ್ಮ ಚರ್ಮದ ಜೀವಕೋಶಗಳು ಸಾಯುತ್ತ ಹುಟ್ಟುತ್ತ ಇರುತ್ತವೆ. ಹಾಗಿದ್ದರೆ ಹಚ್ಚೆ ಮಾತ್ರ ಎಪ್ಪತ್ತು, ಎಂಬತ್ತು ವರ್ಷ ಹೇಗೆ ಉಳಿಯುತ್ತದೆ? 2018ರಲ್ಲಿ ಫ್ರಾನ್ಸಿನ ಮಾರ್ಸೇಯ ನಗರದ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ನಡೆಸಿ ಉತ್ತರ ಕಂಡುಕೊಂಡರು. ಹೊರಗಿನಿಂದ ಬಂದ ಕಣಗಳನ್ನು ನುಂಗಿ ಮೈಯನ್ನು ಕಾಯುವ ಒಂದು ಬಗೆಯ ಜೀವಕೋಶ ಮಸಿಯನ್ನು ನುಂಗಿ ಹಿಡಿದುಕೊಳ್ಳುತ್ತದೆ. ಅದು ಸತ್ತಾಗ ಮಸಿ ಹೊರಬೀಳುತ್ತದೆ. ಆಗ ಪಕ್ಕದಲ್ಲಿ ಬಂದ ಹೊಸ ಕೋಶ ಅದನ್ನು ಎತ್ತಿಕೊಳ್ಳುತ್ತದೆ. ಅಂದರೆ ಹಚ್ಚೆ ಉಳಿಯುವುದು ಕೋಶಗಳು ಚಿರಂಜೀವಿಯಾಗಿರುವುದರಿಂದಲ್ಲ. ಸಾಯುವವನ ಕೈಯಿಂದ ಬಿದ್ದದ್ದನ್ನು ಹುಟ್ಟಿದವನು ಎತ್ತಿಕೊಳ್ಳುವುದರಿಂದ.

ಬುಸ್ಕಲನ್ನಿನಲ್ಲಿ ಆ ಎತ್ತಿಕೊಳ್ಳುವಿಕೆ ನಡೆಯಿತು. ತಂದೆ ಮಗಳಿಗೆ, ಮಗಳು ಮೊಮ್ಮಕ್ಕಳಿಗೆ. ನಮ್ಮಲ್ಲಿ? ಸೂಜಿಗಳನ್ನು ಕಟ್ಟಿ ಹಿಡಿದು, ಹಾಡು ಹೇಳಿ ನೋವು ಮರೆಸುತ್ತ, ಮನೆಮನೆಯ ಜಗಲಿಯಲ್ಲಿ ಕೂತು ಲಕ್ಷಾಂತರ ಹೆಣ್ಣುಮಕ್ಕಳ ಕೈ ಮೇಲೆ ಬರೆದ ಕೊರವ ಹೆಂಗಸರಲ್ಲಿ ಒಬ್ಬರ ಹೆಸರನ್ನಾದರೂ ನಾವು ಉಳಿಸಿಕೊಂಡಿದ್ದೇವೆಯೇ? ಪೇಟೆಯ ಅಂಗಡಿಗಳಲ್ಲಿ ಇಂದಿನ ಹುಡುಗ ಹುಡುಗಿಯರು ಯಂತ್ರದಿಂದ ಟ್ಯಾಟೂ ಹಾಕಿಸಿಕೊಳ್ಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅವರು ಆರಿಸುವ ಚಿತ್ರಗಳ ನಡುವೆ ತುಳಸಿಕಟ್ಟೆ ಇರುವುದು ನನಗೆ ಕಂಡಿಲ್ಲ. ಇದ್ದರೂ ಅದನ್ನು ಬರೆದ ಕೈ ಯಾರದೆಂದು ಹೇಳುವವರಿಲ್ಲ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲಿ, ನೆಂಟರಲ್ಲಿ, ಬೀದಿಯಲ್ಲಿ ಹಚ್ಚೆಯ ಅಜ್ಜಿಯೊಬ್ಬಳು ಇನ್ನೂ ಇದ್ದರೆ ಈ ವಾರವೇ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಚಿತ್ತಾರವನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಯಾವ ವಯಸ್ಸಿನಲ್ಲಿ, ಯಾವ ಊರಿನಲ್ಲಿ ಹಾಕಿಸಿಕೊಂಡಳು, ಏನು ಕೊಟ್ಟರು ಎಂದು ಕೇಳಿ. ಹಾಕಿದವಳ ಹೆಸರು ಮಾತ್ರ ಮರೆಯದೆ ಕೇಳಿ. ನಾನು ಕೇಳಿದಾಗ ತಡವಾಗಿರಲಿಲ್ಲ. ಉತ್ತರ ಸಿಗಲಿಲ್ಲವೆಂದು ಸುಮ್ಮನಾದೆ. ಇನ್ನೊಂದೆರಡು ಸಲ ಕೇಳಬೇಕಿತ್ತು. ಅದೇ ಊರಿನ ಇನ್ನೊಬ್ಬ ಮುದುಕಿಗೆ ನೆನಪಿದ್ದೀತು.